ತೊಳೆಯಬೇಡ ಎಂದಿದ್ದ ಅಚ್ಚುಗಳು

ಹಾಲು ಕಾಯಿಸಿದೆ, ಕಸದ ಡಬ್ಬಿಗಳನ್ನು ರಸ್ತೆಯಂಚಿಗೆ ತಳ್ಳಿದೆ, ಚಳಿಗೆ ಮುದುಡಿದ್ದ ತುಳಸಿಯನ್ನು ಒಳಗೆ ತಂದಿಟ್ಟೆ, ಮಗಳ ಸ್ವೆಟರು ಒಗೆದೆ, ಸಾರಿಗೆ ಬೇಳೆ ಇಟ್ಟೆ, ಪಕ್ಕದ ಮನೆಯವರ ಬಿಸ್ಕತ್ತಿನ ಅಚ್ಚುಗಳನ್ನು ಹುಣಸೆಹಣ್ಣು ಹಚ್ಚಿ ಫಳಫಳ ಹೊಳೆಯುವಂತೆ ತಿಕ್ಕಿದೆ. ಇವುಗಳಲ್ಲಿ ಮಾಡಬೇಡ ಎಂದು ಬಾಯಿಬಿಟ್ಟು ಹೇಳಿಸಿಕೊಂಡಿದ್ದು ಕೊನೆಯದನ್ನು ಮಾತ್ರ. ಅತಿ ಶ್ರದ್ಧೆಯಿಂದ ಮಾಡಿದ್ದೂ ಅದನ್ನೇ.

ತಪ್ಪು ನನ್ನದಲ್ಲ, ಸಂಸ್ಕಾರದ್ದು. ನಮ್ಮ ಕಡೆ "ಪಾತ್ರೆ ತೊಳೆಯೋದೇನೂ ಬೇಡ ರೀ, ಹಾಗೇ ಕೊಡಿ" ಎಂದರೆ ತೊಳೆದು, ಒರೆಸಿ, ಒಳಗೊಂದು ಹಿಡಿ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಊಟ ಬೇಡ ಎಂದವರಿಗೆ ಎಲೆ ಹಾಕುವುದಿಲ್ಲವೇ, ಹಾಗೆ. ಆದ್ದರಿಂದ ಬೆಳಿಗ್ಗೆ ಪಕ್ಕದ ಮನೆಯ ಮಾರ್ಗಿಟ್ ಅವರು ಅಚ್ಚುಗಳನ್ನು ಕೊಡುತ್ತಾ, "ಇವನ್ನು ಮಾತ್ರ ತೊಳೆಯಬೇಡ ಸುಮಾ" ಎಂದಾಗ, ಪಾಪ, ಎಷ್ಟು ಸಂಕೋಚದ ಹೆಂಗಸು ಅಂದುಕೊಂಡೆ.

ಕ್ಯಾಂಪ್‌ಬೆಲ್ ಎಂಬ ಈ ಪರದೇಶದ ಊರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಮರದ ಬೇಲಿ. ಅವರ ತಾಯಿ ನಾರ್ವೆಯಿಂದ ಬಂದವರು. ಪ್ರತಿ ಕ್ರಿಸ್‌ಮಸ್ಸಿಗೂ ಅವರ ಮನೆಯಲ್ಲಿ ಬೆಣ್ಣೆ, ಬಾದಾಮಿ ಪುಡಿ ಹಾಕಿದ ಬಿಸ್ಕತ್ತು ಆಗಲೇಬೇಕು; ನೆರಿಗೆಯಂಚಿನ ಪುಟ್ಟ ತಗಡಿನ ಅಚ್ಚುಗಳಿಗೆ ಹಿಟ್ಟನ್ನು ತೆಳ್ಳಗೆ ಒತ್ತಿ ಬೇಯಿಸುತ್ತಾರೆ. ಈ ಸಲ ಅವರ ಮಣಿಕಟ್ಟು ಮುರಿದಿತ್ತು. ಕಲಸುವುದಕ್ಕೇನೋ ಮಿಕ್ಸರಿದೆ, ಆದರೆ ಮಿಕ್ಸರಿಗೆ ಹೆಬ್ಬೆರಳಿಲ್ಲ. ನಿಪ್ಪಟ್ಟು ತಟ್ಟಿ ಪಳಗಿದ ನನ್ನ ಹೆಬ್ಬೆರಳು ಅವರ ಕಣ್ಣಿಗೆ ಬಿತ್ತು. ಕಲಸಿದ ಹಿಟ್ಟೂ ಅವರ ಅಮ್ಮನ ಅಚ್ಚುಗಳೂ ನಮ್ಮ ಮನೆಗೆ ಬಂದವು. ಜೊತೆಗೆ ಒಂದು ಆತಂಕ: ನಾಳೆ ಅವರ ಅಕ್ಕ ಬರುತ್ತಾರೆ. ಅಚ್ಚುಗಳು ತನಗೇ ಸೇರಬೇಕೆಂದು ಅಕ್ಕನ ಹಳೆಯ ವಾದ. "ಒಂದು ಬಿಸ್ಕತ್ತು ಒಡೆದರೂ, ನಿನಗೆ ಇವನ್ನು ನೋಡಿಕೊಳ್ಳಲು ಬರುವುದಿಲ್ಲ ಅಂತ ಈ ಸಲ ಚೀಲಕ್ಕೆ ಹಾಕಿಕೊಂಡೇ ಹೋಗುತ್ತಾಳೆ" ಎಂದಿದ್ದರು.

ಮೊದಲ ಟ್ರೇ ಓವನ್ನಿನಿಂದ ಹೊರಬಂತು. ಬಿಸ್ಕತ್ತುಗಳು ಬರಲಿಲ್ಲ. ಕವುಚಿದೆ, ತಟ್ಟಿದೆ, ಚಾಕುವಿನ ತುದಿಯಿಂದ ಬೇಡಿಕೊಂಡೆ. ಬಿದ್ದದ್ದು ಪುಡಿ. ನಮ್ಮವರು ಅದನ್ನು ಅಂಗೈಗೆ ಹಾಕಿಕೊಂಡು, "ಪ್ರಸಾದ ಚೆನ್ನಾಗಿದೆ ಕಣೇ. ಯಾವ ದೇವರದು?" ಎಂದರು. ಮಗಳು ಅನಘಾ ಒಂದು ಅಚ್ಚನ್ನು ಬೆಳಕಿಗೆ ಹಿಡಿದು, "ಅಮ್ಮಾ, ಡಿಡ್ ಯೂ ವಾಶ್ ದೀಸ್? ನಿನ್ನ ದೋಸೆ ಪ್ಯಾನು ನಾನು ವಾಶ್ ಮಾಡಿದಾಗ ಯೂ ಕ್ರೈಡ್!" ಎಂದಳು.

ಅತ್ತಿದ್ದು ನಿಜ. ನನ್ನ ಕಾವಲಿಗೆ ಸೋಪು ತಾಗಿಸಿದವರೊಡನೆ ನಾನು ವಾರಗಟ್ಟಲೆ ಮಾತು ಬಿಡುವವಳು. ಅದರ ಕಪ್ಪು ಪಳಗಿದ ಕಪ್ಪು. ಪರರ ಅಚ್ಚಿನ ಕಪ್ಪು ಮಾತ್ರ ಕೊಳೆ!

ಕಾವಲಿ ಕೆಟ್ಟರೆ ಏನು ಮಾಡಬೇಕೆಂದು ನನಗೆ ಗೊತ್ತು. ಈರುಳ್ಳಿ ಹೆಚ್ಚಿ, ಅರ್ಧ ಹೋಳನ್ನು ಎಣ್ಣೆಯಲ್ಲಿ ಅದ್ದಿ, ಕಾದ ಅಚ್ಚುಗಳಿಗೆಲ್ಲ ತಿಕ್ಕಿದೆ. ಮತ್ತೆ ಕಾಯಿಸಿದೆ, ಮತ್ತೆ ತಿಕ್ಕಿದೆ. ಉಳಿದ ಹಿಟ್ಟನ್ನು ಒತ್ತಿ ಬೇಯಿಸಿ ಕವುಚಿದರೆ, ನೆರಿಗೆ ಸಮೇತ ಒಂದೊಂದೇ ಇಡಿಯಾಗಿ ಜಾರಿ ಬಂತು. ಒಂದೂ ಒಡೆಯಲಿಲ್ಲ.

ಸಂಜೆ ಮಾರ್ಗಿಟ್ ಬಂದು ಒಂದನ್ನು ಕಚ್ಚಿದರು. ಅಗಿಯುವುದು ನಿಧಾನವಾಯಿತು. "ಇದೇನು, ಈರುಳ್ಳಿಯೇ?" ನಾನು ನಡೆದದ್ದೆಲ್ಲ ಒಪ್ಪಿಸಿದೆ. ಬೆಳ್ಳಗಾದ ಅಚ್ಚುಗಳನ್ನು ಅವರು ಒಂದೊಂದಾಗಿ ತಿರುಗಿಸಿ ನೋಡಿದರು. ಆಮೇಲೆ ನಕ್ಕುಬಿಟ್ಟರು. "ಅಕ್ಕ ಆಕಾರ ನೋಡುತ್ತಾಳೆ. ಫೋನಿನಲ್ಲಿ ಮೂಗು ಕಟ್ಟಿದೆ ಎನ್ನುತ್ತಿದ್ದಳು. ದೇವರು ದೊಡ್ಡವನು."

ಹೊರಡುವಾಗ ಹಿಟ್ಟಿನ ಬಟ್ಟಲಿಗೆ ಕೈಚಾಚಿ, "ಅದನ್ನೇನು ತೊಳೆಯಬೇಡ, ಹಾಗೇ ಕೊಡು" ಎಂದರು. ಒಂದು ದಿನಕ್ಕೆ ಒಂದು ಪಾಠ ಸಾಕಲ್ಲವೇ? ಹಿಟ್ಟು ಮೆತ್ತಿದ ಬಟ್ಟಲನ್ನು ಹಾಗೇ ಕೊಟ್ಟೆ. ಅವರು ಬಟ್ಟಲನ್ನು ನೋಡಿದರು, ನನ್ನನ್ನು ನೋಡಿದರು. ಉಪಚಾರದ ಮಾತು ನಾರ್ವೆಯವರಲ್ಲೂ ಇದೆಯಂತೆ.

ರಾತ್ರಿ ಅನ್ನ, ಸಾರು. ಆಮೇಲೆ ಬಿಸಿಹಾಲಿಗೆ ಮೊದಲ ಟ್ರೇಯ ಪುಡಿ. ಸಿಂಕಿನ ಮುಂದೆ ನಿಂತು ನಮ್ಮವರಿಗೆ, "ಪಾತ್ರೆ ನೀವೇನೂ ತೊಳೀಬೇಡಿ, ಬಿಡಿ" ಎಂದೆ. ಅವರು ಆ ಮಾತನ್ನು ಹಾಗೇ ನಂಬಿದರು; ಮೊದಲು ಮಲಗಿದವರೂ ಅವರೇ.