ಮೇಜುಬಟ್ಟೆಯ ಮೌಖಿಕ ಇತಿಹಾಸ

ಮೌಖಿಕ ಇತಿಹಾಸದ ಸಂಗ್ರಹಕ್ಕೆ ಒಂದು ಶಿಸ್ತಿದೆ. ಸಂಶೋಧಕನು ಹೇಳಿಕೆ ಕೊಡುವವರ ಮೇಲೆ ನೇರವಾಗಿ ಹೋಗಿ ಬೀಳತಕ್ಕದ್ದಲ್ಲ. ಇಬ್ಬರಿಗೂ ಬೇಕಾದ ಹಿರಿಯರೊಬ್ಬರ ಮೂಲಕ ಮೊದಲ ಭೇಟಿಯನ್ನು ಗೊತ್ತುಮಾಡಿಕೊಳ್ಳಬೇಕು. ನೇಕಾರರು, ಕಮ್ಮಾರರು, ದೋಣಿ ಕಟ್ಟುವವರು, ಎಲ್ಲರನ್ನೂ ನಾನು ಹೀಗೆಯೇ ಕಂಡವನು. ಆದ್ದರಿಂದ ಕಸೂತಿ ಯಂತ್ರದಲ್ಲಿ ಕಟ್‌ವರ್ಕ್ ಮೇಜುಬಟ್ಟೆ ಮಾಡುವ ನನ್ನ ಹೆಂಡತಿಯನ್ನೇ ಸಂದರ್ಶಿಸಬೇಕೆಂಬ ದಿವ್ಯ ಆಲೋಚನೆ ಹೊಳೆದಾಗ, ಶಾಸ್ತ್ರೋಕ್ತವಾಗಿ ಅತ್ತೆಗೆ ಫೋನ್ ಮಾಡಿದೆ.

"ಅತ್ತೆ, ನಿಮ್ಮ ಮಗಳ ಜೊತೆ ಸ್ವಲ್ಪ ಮಾತಾಡಬೇಕಿತ್ತು. ನೀವು ಅವಳಿಗೆ ಒಂದು ಮಾತು ಹೇಳಿದ್ರೆ..."

"ಅವಳೆಲ್ಲಿದಾಳೆ?"

"ಪಕ್ಕದ ಕೋಣೇಲಿ."

ಆ ಕಡೆ ದೀರ್ಘ ಮೌನ. (ಎದುರಿನವರ ಮೌನವನ್ನು ಮುರಿಯಬಾರದೆಂಬುದು ನಮ್ಮ ಎರಡನೆಯ ನಿಯಮ, ಮುರಿಯಲಿಲ್ಲ.) ಫೋನ್ ಇಟ್ಟ ಮರುಗಳಿಗೆಯೇ ಪಕ್ಕದ ಕೋಣೆಯ ಫೋನ್ ಬಡಿದುಕೊಂಡಿತು, ಆಮೇಲೆ ಬಾಗಿಲು.

"ರೀ, ಅಮ್ಮನಿಗೆ ಏನು ಹೇಳಿದ್ರಿ? ಗಂಡ ಹೆಂಡ್ತಿ ಮಾತು ಬಿಟ್ಟು ಎಷ್ಟು ದಿನ ಆಯ್ತು ಅಂತ ಕೇಳಿ ಅಳ್ತಿದಾರೆ!"

ನಾನು ಸಂಶೋಧನಾ ವಿಧಾನವನ್ನು ವಿವರಿಸಿದೆ. ಅವಳು ಕೇಳಿಸಿಕೊಂಡು ಹಣೆ ಚಚ್ಚಿಕೊಂಡಳು. "ಶುಕ್ರವಾರ ಬಂದು ಕೂತ್ಕೊಳ್ಳಿ. ಆದ್ರೆ ಕೆಲಸ ನಿಲ್ಲಿಸಲ್ಲ. ಭಾನುವಾರ ನಿಮ್ಮಕ್ಕ ಬಟ್ಟೆ ತಗೊಂಡು ಹೋಗೋಕೆ ಬರ್ತಾರೆ."

ಇಲ್ಲಿ ನನ್ನ ಅಕ್ಕನ ಬಗ್ಗೆ ಹೇಳಲೇಬೇಕು. ಈ ಯಂತ್ರ ಮನೆಗೆ ಬಂದ ದಿನ ಅವಳು ಅದರ ಸುತ್ತ ಒಂದು ಪ್ರದಕ್ಷಿಣೆ ಹಾಕಿ, "ಎಲ್ಲ ಇದೇ ಮಾಡತ್ತೆ, ನೀನು ಬಟನ್ ಒತ್ತೋದು ಅಷ್ಟೇ ಅಲ್ವೇನೇ?" ಎಂದಿದ್ದಳು. ಆ ಬಟನ್ ಅಂದಿನಿಂದ ನನ್ನ ಹೆಂಡತಿಯ ಎದೆಯಲ್ಲಿ ಕೂತಿದೆ. ಈಗ ಅದೇ ಅಕ್ಕ, ಭಾವನ ಮೇಲಧಿಕಾರಿ ಊಟಕ್ಕೆ ಬರುವರೆಂದು ಮೇಜುಬಟ್ಟೆ ಕೇಳಿದ್ದಳು. "ಇದನ್ನ ನೋಡಿದ ಮೇಲೂ ಅವರು ಬಟನ್ ಅಂದ್ರೆ, ಮೆಷಿನ್ನಿಗೆ ಮುಸುಕು ಹಾಕಿ ಅಟ್ಟಕ್ಕೆ ಏರಿಸ್ತೀನಿ," ಎಂದು ಇವಳು ಶಪಥ ಮಾಡಿದ್ದಳು.

ಶುಕ್ರವಾರ ಧ್ವನಿಮುದ್ರಕ ಹಿಡಿದು ಎದುರು ಕುಳಿತೆ. ಮೂರು ಮೂಲೆಗಳಲ್ಲಿ ಎಲೆಬಳ್ಳಿ ಮುಗಿದಿತ್ತು. ನಾಲ್ಕನೆಯ ಮೂಲೆ ಚೌಕಟ್ಟಿನಲ್ಲಿ ಬಿಗಿದು ಕೂತಿತ್ತು. ಯಂತ್ರ ಮೊದಲು ಎಲೆಯ ಆಕಾರಕ್ಕೆ ಸಾದಾ ಹೊಲಿಗೆ ಹಾಕಿ ನಿಲ್ಲುತ್ತದೆ. ಆಗ ಚೌಕಟ್ಟನ್ನು ಹೊರತೆಗೆದು, ಬಾಗಿದ ತುದಿಯ ಪುಟ್ಟ ಕತ್ತರಿಯಿಂದ ಎಲೆಯ ಒಳಗಿನ ಬಟ್ಟೆಯನ್ನು ಕತ್ತರಿಸಿ ತೆಗೆಯಬೇಕು. ಅಡಿಯಲ್ಲಿ ನೀರಿಗೆ ಕರಗುವ ಹಾಳೆಯಿಟ್ಟು ಮತ್ತೆ ಸಿಕ್ಕಿಸಿದರೆ, ಯಂತ್ರ ತೂತಿನ ಅಂಚಿಗೆ ಒತ್ತಾಗಿ ದಾರ ತುಂಬುತ್ತದೆ.

"ತಾವು ಈ ಕಸುಬಿಗೆ ಬಂದದ್ದು ಹೇಗೆ?"

"ತಾವಾ? ಜ್ವರಗಿರ ಬಂದಿದೆಯೇನ್ರೀ?"

ಆದರೆ ಎರಡು ಪ್ರಶ್ನೆ ಮುಗಿಯುವುದರೊಳಗೆ ಅವಳ ಮುಖದಲ್ಲಿ ಹಿಂದೆಂದೂ ಕಾಣದ ಒಂದು ಬೆಳಕು ಬಂತು. ಶಾಲೆಯ ಹೊಲಿಗೆ ತರಗತಿಯಲ್ಲಿ ಇಸ್ತ್ರಿ ಹಾಕುವಾಗ ಕರವಸ್ತ್ರದ ಅಂಚು ಸುಟ್ಟುಕೊಂಡದ್ದು, ಮೊದಲ ಸೂಜಿ ಮುರಿದದ್ದು, ಎಲ್ಲ ಹೊರಬಂತು. "ಮದುವೆ ಆದಾಗಿನಿಂದ ನೀವು ನನ್ನ ಮಾತನ್ನ ಇಷ್ಟು ಹೊತ್ತು ಕೇಳಿದ್ದು ಇದೇ ಮೊದಲು ಕಣ್ರೀ," ಎಂದಳು.

ಅಷ್ಟರಲ್ಲೇ ಮೇಜುಬಟ್ಟೆಯ ನಡುಭಾಗವು ಮೆಲ್ಲನೆ ಜಾರಿ, ಮಡಚಿಕೊಂಡು, ಚೌಕಟ್ಟಿನ ಅಡಿಗೆ ಹೊಕ್ಕಿತು, ಯಂತ್ರ ಅದನ್ನೂ ಸೇರಿಸಿ ಹೊಲಿಯಿತು. ನಾನು ಸ್ಪಷ್ಟವಾಗಿ ಕಂಡೆ. ಆದರೆ ಸಂಶೋಧಕನು ಕೇವಲ ಸಾಕ್ಷಿ. ಘಟನೆಯಲ್ಲಿ ಕೈಹಾಕುವಂತಿಲ್ಲ, ಹೇಳಿಕೆಯ ಧಾರೆಯನ್ನು ತುಂಡರಿಸುವಂತಿಲ್ಲ. ತುಂಡರಿಸಲಿಲ್ಲ. ತುಂಡರಿಸಿದವಳು ಅವಳು, ಬಟ್ಟೆಯನ್ನು. ಮಾತಿನ ಭರದಲ್ಲಿ ನನ್ನ ಮುಖ ನೋಡುತ್ತಲೇ ಎರಡು ಪದರವನ್ನೂ ಸೇರಿಸಿ ಕತ್ತರಿಯಾಡಿಸಿದಳು. ಹಾಳೆ ಇಡಲು ಚೌಕಟ್ಟು ಎತ್ತಿದಾಗ ಮೇಜುಬಟ್ಟೆಯ ಹೊಟ್ಟೆಯೂ ಜೊತೆಗೇ ಎದ್ದು ಬಂತು.

"ಅಯ್ಯೋ! ಇದು ಯಾವಾಗ ಸಿಕ್ಕಿಕೊಳ್ತು?"

"ನೀನು ಸೂಜಿ ಮುರಿದದ್ದು ಹೇಳ್ತಿದ್ದೆಯಲ್ಲ, ಆಗ," ಎಂದು ನಿಖರವಾಗಿ ತಿಳಿಸಿದೆ.

"ನೋಡಿದ್ರಾ?"

"ಮೊದಲಿನಿಂದಲೂ."

ಮುಂದಿನ ಮಾತುಗಳನ್ನು ಹೇಳಿಕೆದಾರರ ಕೋರಿಕೆಯಿಲ್ಲದೆಯೇ ನಾನು ಅಳಿಸಿದ್ದೇನೆ.

ಅವಳು ಅತ್ತದ್ದು ಸ್ವಲ್ಪ ಹೊತ್ತು. ಆಮೇಲೆ ಮೂಗು ಒರೆಸಿಕೊಂಡು ಹೊಲಿಗೆ ಬಿಚ್ಚಿದಳು, ನಾಲ್ಕನೆಯ ಮೂಲೆಯನ್ನು ಮುಗಿಸಿದಳು, ಕೊನೆಗೆ ನಡುವಿನ ತೂತನ್ನೇ ಅಳೆದು ಅಳೆದು ಚೌಕಟ್ಟಿಗೆ ಕೂರಿಸಿ ಅದಕ್ಕೂ ಅಂಚು ಕಟ್ಟಿದಳು. ನಾನು ಹಜಾರಕ್ಕೆ ಗಡೀಪಾರಾಗಿದ್ದೆ.

ಭಾನುವಾರ ಅಕ್ಕ ಬಂದಳು. ಬಟ್ಟೆ ಹರಡಿದಳು. ನಾಲ್ಕು ಮೂಲೆಯಲ್ಲಿ ಬಳ್ಳಿ. ನಟ್ಟನಡುವೆಯೂ ಅಲ್ಲದ ಒಂದು ಜಾಗದಲ್ಲಿ, ಓರೆಯಾಗಿ, ಒಂಟಿ ಎಲೆ. ಹೆಂಡತಿ ಉಸಿರು ಬಿಗಿಹಿಡಿದು ನಿಂತಿದ್ದಳು.

"ಮೂಲೆಯದೆಲ್ಲ ಮೆಷಿನ್ನಿಂದು ಅಂತ ಗೊತ್ತಾಗತ್ತೆ," ಅಕ್ಕ ನಿಧಾನವಾಗಿ ಹೇಳಿದಳು. "ಆದ್ರೆ ಈ ಎಲೆ! ಗಾಳಿಗೆ ಉದುರಿ ಬಿದ್ದ ಹಾಗಿದೆಯಲ್ಲೇ! ಇದು ಹೇಗೆ ಹೊಳೀತು ನಿಂಗೆ?"

ಹೆಂಡತಿಯ ಮುಖ ಅರಳುತ್ತಿತ್ತು. ಆದರೆ ದಾಖಲೆಯಲ್ಲಿ ಅಸತ್ಯ ಸೇರುವುದನ್ನು ನೋಡಿ ಸುಮ್ಮನಿರುವುದು ಹೇಗೆ? "ಅಕ್ಕ, ಅದು ಎಲೆ ಅಲ್ಲ, ತೂತು," ಎಂದೆ. ಮತ್ತು ನಡೆದದ್ದನ್ನು ಅನುಕ್ರಮವಾಗಿ ನಿವೇದಿಸಿದೆ.

ಅಕ್ಕ ಬಟ್ಟೆಯನ್ನು ಕೆಳಗಿಟ್ಟಳು. "ತೂತನ್ನ ಎಲೆ ಮಾಡೋ ಬಟನ್ ಇದೆಯೇನೇ ಆ ಮೆಷಿನ್ನಲ್ಲಿ?"

"ಇಲ್ಲ," ಹೆಂಡತಿಯ ದನಿ ಕೇಳಿಸುವಂತಿರಲಿಲ್ಲ.

"ಹಾಗಾದ್ರೆ ನನ್ನ ಮಾತು ವಾಪಸ್ ತಗೊಂಡೆ ಕಣೆ." ಆಮೇಲೆ ನನ್ನ ಕಡೆ ತಿರುಗಿದಳು. "ನೀನು ಅಲ್ಲೇ ಕೂತು ನೋಡ್ತಿದ್ಯಾ? ಚಿಕ್ಕವನಿದ್ದಾಗಲೂ ಹೀಗೇ ಇವನು. ಹಾಲು ನೋಡ್ಕೋ ಅಂದ್ರೆ, ಉಕ್ಕಿ ಒಲೆ ಆರೋವರೆಗೂ ನೋಡ್ತಾ ನಿಂತಿರ್ತಿದ್ದ!"

"ಈಗಲೂ ಹಾಗೇ ಅತ್ತಿಗೆ!"

ಇಬ್ಬರೂ ಕುರ್ಚಿ ಎಳೆದುಕೊಂಡರು. ನನ್ನ ವೃತ್ತಿಜೀವನದಲ್ಲೇ ಇಷ್ಟು ಸಮೃದ್ಧವಾದ ಹೇಳಿಕೆ ಒಂದೇ ಬಾರಿಗೆ ದೊರೆತದ್ದಿಲ್ಲ. ವಿಷಯ ಮಾತ್ರ ನಾನೇ.

ದಾಖಲೆಗೆ ಸೇರಿಸಿದ್ದು: ಮಾರ್ಚ್ ಹದಿನಾರು, ಭಾನುವಾರ. ಅಕ್ಕ ಎರಡನೆಯ ಮೇಜುಬಟ್ಟೆ ಮಾಡಿಕೊಡಲು ಹೇಳಿಹೋದಳು, ಉದುರಿದ ಎಲೆಗಳು ಬಟ್ಟೆಯ ತುಂಬ ಇರುವಂತೆ. ಕೆಲಸ ಮುಗಿಯುವವರೆಗೆ ಸಂಶೋಧಕನ ವಾಸ್ತವ್ಯ ಅಕ್ಕನ ಮನೆಯಲ್ಲಿ, ಅಡುಗೆಮನೆಗೆ ಪ್ರವೇಶವಿಲ್ಲ.