ನೀಲವ್ವನ ಹಲಗೆಯ ಹಸಿರು ಎಳೆ

ಹೊರಗೆ ಹೋದ ಗಂಡಸರು ಮನೆಗೆ ಬರುವಾಗ ಏನಾದರೂ ಹಿಡಿದುಕೊಂಡು ಬರುತ್ತಾರೆ. ಕೆಲವರು ಕಾಯಿಪಲ್ಲೆ ತರುತ್ತಾರೆ, ಕೆಲವರು ಬಿಸಿ ಭಜಿ ತರುತ್ತಾರೆ. ನಾನು ಸುದ್ದಿ ತರುತ್ತಿದ್ದೆ. ಚೀಲ ಬೇಕಿಲ್ಲ, ಭಾರವಿಲ್ಲ. ಆ ಬುಧವಾರ ಸಂಜೆಯೂ ಒಂದು ಸುದ್ದಿ ಹಿಡಿದುಕೊಂಡೇ ಬನಹಟ್ಟಿಯ ನಮ್ಮ ಮನೆಯ ಹೊಸ್ತಿಲು ದಾಟಿದೆ. ಕರೆಂಟು ಹೋಗಿದ್ದರಿಂದ ಪಕ್ಕದ ಶೆಡ್ಡಿನಲ್ಲಿದ್ದ ನಮ್ಮ ಎರಡೂ ಮಗ್ಗಗಳು ಬಾಯಿ ಮುಚ್ಚಿಕೊಂಡಿದ್ದವು. ನನ್ನ ಹೆಂಡತಿ ನೀಲವ್ವ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಹೆಸರುಕಾಳು ಆರಿಸುತ್ತಿದ್ದಳು. ಅದು ನಮ್ಮ ಮನೆಯ ಕೊನೆಯ ಸಾಮಾನ್ಯ ದಿನ ಎಂದು ನನಗೆ ಯಾರೂ ಹೇಳಲಿಲ್ಲ. ಊರ ಸುದ್ದಿಯೆಲ್ಲ ಗೊತ್ತಿದ್ದ ನನಗೆ ಅದೊಂದು ಗೊತ್ತಾಗಲಿಲ್ಲ.

"ಜಮಖಂಡಿ ಮಾಸ್ತರ್ರು ತಮ್ಮ ಪೇಪರ್ ಮಾರಿಬಿಟ್ರಂತ" ಎಂದೆ, ಚಪ್ಪಲಿ ಬಿಡುವ ಮೊದಲೇ.

ನೀಲವ್ವನ ಕೈ ನಿಂತಿತು. "ಖರೇನ್ರೀ?"

"ಒಬ್ರಲ್ಲ, ಮೂರ ಮಂದಿ ಹೇಳ್ಯಾರ. ಚಾದಂಗಡಿ ಈರಪ್ಪ, ಕಟಿಂಗ್ ಅಂಗಡಿ ಹಣಮಂತ, ಮತ್ತ ಜಮಖಂಡಿ ಬಸ್ಸಿನ ಕಂಡಕ್ಟರ."

ಅವಳು ಮೊರವನ್ನು ಪಕ್ಕಕ್ಕಿಟ್ಟು ಎದ್ದಳು. ಗೋಡೆಗೆ ತೂಗುಹಾಕಿದ್ದ ಹಲಗೆಯ ಹತ್ತಿರ ಹೋಗಿ, ಕೆಳಗಿನ ಸಾಲಿನ ಮೂಲೆಯ ಮೊಳೆಯಿಂದ ಒಂದು ಹಸಿರು ಎಳೆಯನ್ನು ಉಗುರಿನಿಂದ ಬಿಚ್ಚಿ, ತೋರುಬೆರಳಿಗೆ ಸುತ್ತಿಕೊಂಡಳು. "ಮಾಸ್ತರ್ರೂ ಹ್ವಾದ್ರ ಅನ್ರಿ" ಎಂದಳು. "ಯಾರ ತೊಗೊಂಡಾರಂತ ತಿಳಕೊಂಡ ಬರ್ರಿ. ಯಾವ ಬಣ್ಣ ಕಟ್ಟಬೇಕಂತ ಆಮ್ಯಾಲ ನೋಡೂಣು."

"ಆ ಎಳಿ ಒಗದಬಿಡ್ತಿ ಏನು?"

"ಎಳಿ ಒಗೀತಾರೇನ್ರೀ? ಇಟ್ಟಿರ್ತೇನಿ."

ಈ ಹಲಗೆಯ ವಿಷಯ ಹೇಳದಿದ್ದರೆ ನಮ್ಮಿಬ್ಬರಿಗೂ ತಲೆ ಸರಿಯಿರಲಿಲ್ಲ ಎಂದು ನೀವು ತಿಳಿದೀರಿ. ನಮ್ಮೂರಿನ ಸೀರೆ ವ್ಯಾಪಾರಿಗಳದು ಒಂದು ರೂಢಿ. ಸೀರೆ ಎಷ್ಟೇ ಚೆಂದವಿರಲಿ, ಮೊದಲು ಅಂಚನ್ನು ಮಗುಚಿ ಹಿಂಬದಿ ನೋಡುತ್ತಾರೆ. ಆಮೇಲೆ ಕೇಳುತ್ತಾರೆ, "ಯಾರ ಮಗ್ಗದ್ದಿದು?" ಅದಕ್ಕೆ ಉತ್ತರ ಸಿಗುವವರೆಗೆ ಹೊಗಳುವುದೂ ಇಲ್ಲ, ತೆಗಳುವುದೂ ಇಲ್ಲ. ನೀಲವ್ವ ಓದಿದ್ದು ಏಳನೆಯ ಇಯತ್ತೆ. ಲಾಳಿಯೊಳಗೆ ಇಡುವ ಕಂಡಿಕೆಗಳಿಗೆ ನೂಲು ಸುತ್ತುತ್ತ ಬೆಳೆದವಳು, ಮದುವೆಯಾಗಿ ಬಂದ ಮೇಲೂ ಅದನ್ನೇ ಮಾಡಿದವಳು. ಸೀರೆಗೆ ಕೇಳುವ ಆ ಪ್ರಶ್ನೆಯನ್ನು ಅವಳು ಸುದ್ದಿಗೂ ಕೇಳುತ್ತಿದ್ದಳು. ನಾನು ಪೇಪರಿನ ಮೊದಲ ಪುಟದ ದಪ್ಪ ಅಕ್ಷರ ಓದಿ ಗಾಬರಿಯಾಗಿ ಕೂಗಿದರೆ, ಅವಳು ಕೈಯಿಂದ ಪೇಪರ್ ಕಸಿದುಕೊಂಡು ಕೊನೆಯ ಪುಟದ ತಳಕ್ಕೆ ಹೋಗುತ್ತಿದ್ದಳು. ಅಲ್ಲಿ ಇರುವೆ ಸಾಲಿನಂಥ ಅಕ್ಷರದಲ್ಲಿ ಮಾಲೀಕರು ಯಾರು, ಮುದ್ರಕರು ಯಾರು, ಪ್ರಕಾಶಕರು ಯಾರು ಎಂದು ಇರುತ್ತದಲ್ಲ, ಅದನ್ನು ಬೆರಳಿಟ್ಟು ಓದಿ, "ಹಾಂ, ಈಗ ಹೇಳ್ರಿ, ಏನ್ ಆಗೇತಂತ?" ಎನ್ನುತ್ತಿದ್ದಳು. ಅಷ್ಟರಲ್ಲಿ ನನ್ನ ಗಾಬರಿ ಆರಿಹೋಗಿರುತ್ತಿತ್ತು.

ಇಷ್ಟು ಮಾಲೀಕರನ್ನು ನೆನಪಿಡುವುದು ಕಷ್ಟವಾದಾಗ ಹಲಗೆ ಬಂತು. ಹಳೆಯ ಮಗ್ಗದ ಒಂದು ಹಲಗೆಗೆ ನನ್ನಿಂದಲೇ ಮೂರು ಸಾಲು ಮೊಳೆ ಹೊಡೆಸಿದಳು. ಮೇಲಿನ ಸಾಲು ಟೀವಿ, ನಡುವಿನದು ರೇಡಿಯೊ, ಕೆಳಗಿನದು ಪೇಪರು. ಒಂದೊಂದು ಮೊಳೆಗೆ ಒಂದೊಂದು ಚೀಟಿ. ಒಬ್ಬ ಮಾಲೀಕನಿಗೆ ಒಂದು ಬಣ್ಣದ ಎಳೆ. ಅವನದು ಏನೇನು ಇದೆಯೋ ಆ ಮೊಳೆಗಳಿಗೆಲ್ಲ ಅದೇ ಎಳೆ ಓಡಿಸಿ ಕಟ್ಟುವುದು. ಮನೆಗೆ ಬಂದವರನ್ನೆಲ್ಲ ಅವಳು ವಿಚಾರಿಸುತ್ತಿದ್ದಳು. ಕೇಬಲ್ ರಿಪೇರಿಗೆ ಬಂದ ರಾಜೇಸಾಬನಿಗೆ ಚಹಾ ಕೊಟ್ಟು, "ಈ ಚಾನೆಲ್ ಯಾರ ಮಗ್ಗದ್ದೋ ತಮ್ಮಾ?" ಎಂದರೆ ಅವನು, "ಅಕ್ಕಾರ, ನಾ ಬರೇ ವಾಯರ್ ಎಳ್ಯಾಂವ್ರಿ" ಎನ್ನುತ್ತಿದ್ದ. ಆದರೆ ಮುಂದಿನ ಸಲ ಬರುವಾಗ ಎಲ್ಲಿಂದಲೋ ವಿಚಾರಿಸಿಕೊಂಡು ಬರುತ್ತಿದ್ದ, ಯಾಕೆಂದರೆ ಅವಳ ಚಹಾ ಹಾಗಿರುತ್ತಿತ್ತು.

ಹೀಗೆ ಬನಹಟ್ಟಿಯ ಒಂದು ಪಡಸಾಲೆಯ ಗೋಡೆಯ ಮೇಲೆ ಇಡೀ ದೇಶದ ಸುದ್ದಿ ಮನೆತನಗಳ ವಂಶಾವಳಿ ತಯಾರಾಯಿತು. ಮೊದಮೊದಲು ಆ ಹಲಗೆ ಕೌದಿಯ ಹಾಗೆ ಇತ್ತು. ಹಳದಿ, ನೀಲಿ, ಗುಲಾಬಿ, ಕಂದು, ನೋಡಲಿಕ್ಕೇ ಚೆಂದ. ಬರಬರುತ್ತ ಒಂದು ಕೆಂಪು ಎಳೆ ಓಡಾಡಲು ಶುರುಮಾಡಿತು. ಆ ಕೆಂಪು ಕಂಪನಿ ಮೊದಲು ಸಿಮೆಂಟು ಮಾಡುತ್ತಿತ್ತು. ಆಮೇಲೆ ಮುಂಬಯಿಯ ಒಂದು ಹಿಂದಿ ಚಾನೆಲ್ ಕೊಂಡಿತು, ದಿಲ್ಲಿಯ ಇಂಗ್ಲಿಷ್ ಪೇಪರ್ ಕೊಂಡಿತು, ಬೆಂಗಳೂರಿನ ಕನ್ನಡ ಚಾನೆಲ್ಲು, ಹಾಡು ಹಾಕುವ ರೇಡಿಯೊ, ಎಲ್ಲ ಸೇರಿಸಿಕೊಂಡಿತು. ಒಂದೊಂದು ಸಲವೂ ನೀಲವ್ವ ಒಂದು ಬಣ್ಣ ಬಿಚ್ಚಿ ಕೆಂಪು ಕಟ್ಟುತ್ತ, "ಇವರದೂ ಲಗ್ನ ಆತ್ರಿ" ಎನ್ನುತ್ತಿದ್ದಳು. ಟೀವಿಯಲ್ಲಿ ಎರಡು ಚಾನೆಲ್ಲಿನವರು ಒಬ್ಬರ ಮೇಲೊಬ್ಬರು ಕೂಗಾಡುವುದನ್ನು ನಾನು ಬಾಯಿ ತೆರೆದು ನೋಡುತ್ತಿದ್ದರೆ, "ಎರಡೂ ಕೆಂಪರಿ. ಒಂದ ಮನಿ ಹುಡುಗ್ರು. ಅವ್ವ ಉಣ್ಣಾಕ ಕರದ್ರ ಇಬ್ರೂ ಕೂಡೇ ಹೋಗ್ತಾರ, ನೀವೂ ಏಳ್ರಿ" ಎಂದು ನನ್ನನ್ನು ಊಟಕ್ಕೆ ಎಬ್ಬಿಸುತ್ತಿದ್ದಳು. ಕೊನೆಕೊನೆಗೆ ಆ ಕೌದಿ ಹೋಗಿ ಕೆಂಪು ಚಾದರ ಆಗಿತ್ತು.

ನಾನು ಮೆಟ್ರಿಕ್ ಪಾಸಾದವನು, ಎರಡನೆಯ ಸಲಕ್ಕೆ. ಆದ್ದರಿಂದ ಹೆಂಡತಿಯ ಮಾತನ್ನು ಬೇಗ ನಂಬುತ್ತಿರಲಿಲ್ಲ. ಒಮ್ಮೆ ಟೀವಿ, ರೇಡಿಯೊ, ಪೇಪರು ಮೂರರಲ್ಲೂ ಒಂದೇ ವಾರ ಒಂದು ಸುದ್ದಿ ಬಂತು. ಮುಧೋಳದಲ್ಲಿ ದೊಡ್ಡ ಬಟ್ಟೆ ಮಳಿಗೆ ತೆರೆಯುತ್ತದೆ, ಮೊದಲ ದಿನ ಬಂದ ಹೆಂಗಸರಿಗೆಲ್ಲ ಕೈಮಗ್ಗದ ಸೀರೆ ಉಡುಗೊರೆ. ಮೂರು ಕಡೆ ಬಂದ ಮೇಲೆ ಸುಳ್ಳು ಹೇಗಾದೀತು? ನಾನು ಓಣಿಯಲ್ಲೆಲ್ಲ ಹೇಳಿದೆ. ನೀಲವ್ವ ಹಲಗೆಯ ಕಡೆ ಕೈ ತೋರಿಸಿದಳು. "ಮೂರೂ ಕೆಂಪ ಎಳಿ ನೋಡ್ರಿ. ಆ ಅಂಗಡೀನೂ ಅವರದ ಇರಬೇಕು. ಮೂರ ಬಾಯಿ ಅಲ್ರಿ ಇವು. ಒಂದ ಬಾಯಿ ಮೂರ ಸಲ ಮಾತಾಡೇತಿ."

ನಾನು ಕೇಳಲಿಲ್ಲ. ಓಣಿಯ ಏಳು ಹೆಂಗಸರನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಮುಧೋಳಕ್ಕೆ ಹೊರಟೆ. ಸೀರೆ ನೇಯುವ ಊರಿನವರು ಪುಕ್ಕಟೆ ಸೀರೆಗಾಗಿ ಪರ ಊರಿನ ಸರದಿಯಲ್ಲಿ ನಿಂತೆವು. ಒಳಗೆ ಹೋದ ಮೇಲೆ ನಮ್ಮ ಪಕ್ಕದ ಮನೆಯ ಕಾಶವ್ವ ರೂಢಿಯಂತೆ ಒಂದು ಸೀರೆಯ ಅಂಚನ್ನು ಮಗುಚಿ ನೋಡಿದಳು. ಹಿಂಬದಿ ಬೆಳ್ಳಗಿತ್ತು. "ಇದರ ಅಂಚ ನೇಯ್ದೀರೋ ಬಳದೀರೋ ತಮ್ಮಾ?" ಎಂದು ಅವಳು ಕೇಳಿದ್ದು ಮಳಿಗೆಗೆಲ್ಲ ಕೇಳಿಸಿತು. ಅಂಥ ಸೀರೆಯೂ ಉಡುಗೊರೆಯಲ್ಲ, ಏನಾದರೂ ಕೊಂಡವರ ಹೆಸರಿನ ಚೀಟಿ ಎತ್ತಿ ಒಬ್ಬರಿಗೆ ಕೊಡುವುದಂತೆ. ನಮಗೆಲ್ಲ ಸಿಕ್ಕಿದ್ದು ಮಾಲೀಕರ ಫೋಟೋ ಇದ್ದ ಒಂದೊಂದು ರಟ್ಟಿನ ಬೀಸಣಿಕೆ. ಬರುವಾಗ ಬಸ್ಸಿನ ತುಂಬ ನನ್ನದೇ ಮೆರವಣಿಗೆ. "ಸಂಗಪ್ಪಣ್ಣಾ, ನೀ ಕೊಡಿಸಿದ ಸೀರಿ ಬಾಳ ತೆಳ್ಳಗ ಐತಿ ನೋಡ, ಉಟ್ಟಕೋಳಾಕ ಬರೂದಿಲ್ಲ ಖರೆ, ಗಾಳಿ ಛಲೋ ಬರ್ತೈತಿ" ಎಂದು ಕಾಶವ್ವ ನನ್ನ ಮುಖಕ್ಕೇ ಬೀಸಿದಳು. ಮನೆಗೆ ಬಂದ ಮೇಲೆ ನೀಲವ್ವ ಬೀಸಣಿಕೆಯನ್ನು ತೆಗೆದುಕೊಂಡು ಒಲೆಗೆ ಗಾಳಿ ಹಾಕಲು ಇಟ್ಟುಕೊಂಡಳು.

ಅಷ್ಟೆಲ್ಲ ಕೆಂಪಿನ ನಡುವೆ ಮೂಲೆಯಲ್ಲಿ ಒಂದೇ ಒಂದು ಹಸಿರು ಎಳೆ ಇತ್ತು. ಅದು ಜಮಖಂಡಿ ಮಾಸ್ತರರ ವಾರಪತ್ರಿಕೆಯದು. ನಾಲ್ಕೇ ಪುಟ. ಸಾಲಿ ಮಾಸ್ತರಿಕೆಯಿಂದ ನಿವೃತ್ತರಾದ ಮೇಲೆ ಅವರು ತಾವೇ ಬರೆದು, ತಾವೇ ತಿದ್ದಿ, ತಾವೇ ಮಡಿಚಿ ಅಂಚೆಗೆ ಹಾಕುವ ಪೇಪರು. ಇಂಥವರಿಗೂ ಹಿಂದೆ ಯಾರಾದರೂ ಇದ್ದಾರು ಎಂದು ನೀಲವ್ವನಿಗೆ ಸಂಶಯ. ಒಮ್ಮೆ ಜಮಖಂಡಿಗೆ ಹೋದಾಗ ನೇರವಾಗಿ ಅವರ ಕಚೇರಿಗೇ ಹೋಗಿ ಕೇಳಿದಳು. "ಮಾಸ್ತರ್ರ, ತಪ್ಪ ತಿಳೀಬ್ಯಾಡ್ರಿ. ನಿಮ್ಮ ಹಿಂದ ಯಾರ ಅದಾರ್ರೀ?" ಮಾಸ್ತರು ಕುರ್ಚಿಯಲ್ಲೇ ತಿರುಗಿ ನೋಡಿ, "ನನ್ನ ಹಿಂದ ಗ್ವಾಡಿ ಐತಿ ನೋಡ ತಂಗೀ. ಅದೂ ಬಾಡಗಿದು" ಎಂದರು. ಆ ದಿನ ಬಂದವಳೇ ಹಸಿರು ಎಳೆ ಕಟ್ಟಿದಳು. ಅದು ಅಂಗಡಿಯಲ್ಲಿ ಸಿಗುವ ಹಸಿರಲ್ಲ. ಹಿಂದೆ ಒಮ್ಮೆ ಬಣ್ಣ ಹಾಕುವವನ ಕೈತಪ್ಪಿ ಒಂದು ಕಡಾಯಿ ನೂಲು ಗಿಳಿ ಹಸಿರೂ ಅಲ್ಲದ, ಎಲೆ ಹಸಿರೂ ಅಲ್ಲದ ಒಂದು ಬಣ್ಣಕ್ಕೆ ಬಂದಿತ್ತು. ವ್ಯಾಪಾರಿ ಬೇಡ ಅಂದ. ನೀಲವ್ವ ಒಂದು ಕಂಡಿಕೆಯಷ್ಟನ್ನು ಎತ್ತಿಟ್ಟುಕೊಂಡಳು. ಅದರಲ್ಲಿ ಉಳಿದಿದ್ದ ಕೊನೆಯ ಮೊಳದುದ್ದ ಎಳೆ ಇದು. "ಮಾಸ್ತರ್ರಂಥಾ ಬಣ್ಣ. ಯಾರಿಗೂ ಹೊಂದೂದಿಲ್ಲ" ಎಂದು ನಕ್ಕಿದ್ದಳು.

ಆ ಎಳೆಯನ್ನು ಬಿಚ್ಚಿದ ಮರುದಿನ ಬೆಳಿಗ್ಗೆ ಹಾಲು ಕಾಯಿಸಲು ಒಲೆ ಹಚ್ಚಿದವಳು, ಎದೆ ಹಿಡಿದುಕೊಂಡು ಅಲ್ಲೇ ಕುಳಿತಳು. ಜಮಖಂಡಿಯ ದವಾಖಾನೆ ಮುಟ್ಟುವುದರೊಳಗೆ ಮುಗಿದಿತ್ತು. ಇದನ್ನು ಇನ್ನೂ ಚೆನ್ನಾಗಿ ಬರೆಯಲು ನನಗೆ ಬರುವುದಿಲ್ಲ. ಬರೆಯಲು ಬಂದಿದ್ದರೂ ಬರೆಯುತ್ತಿರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಅವಳ ಫೋಟೋ ಹಿಡಿದುಕೊಂಡು ಮಾಸ್ತರರ ಕಚೇರಿಗೆ ಹೋದೆ. ಶ್ರದ್ಧಾಂಜಲಿ ಹಾಕಿಸುವುದಿತ್ತು. ಅವಳು ಹೇಳಿದ ಕೆಲಸವೂ ಒಂದು ಬಾಕಿ ಇತ್ತು. ಹೊಸ ಮಾಲೀಕರು ಯಾರಿದ್ದಾರೋ ಎಂದು ಹೆದರುತ್ತಲೇ ಒಳಗೆ ಹೋದರೆ ಮಾಸ್ತರರೇ ಕಪ್ಪು ಚಷ್ಮಾ ಹಾಕಿಕೊಂಡು ಪೇಪರ್ ಮಡಿಚುತ್ತ ಕುಳಿತಿದ್ದರು. ಹಿಂದೆ ಅದೇ ಗೋಡೆ. ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ನಾನು ಕೇಳಿದೆ, "ಮಾಸ್ತರ್ರ, ಪೇಪರ್ ಯಾರಿಗಿ ಕೊಟ್ರಿ?"

"ನೀನೂ ಅದನ್ನ ಕೇಳಾಕ ಬಂದಿಯೇನೋ ಸಂಗಪ್ಪಾ? ಯಾರಿಗಿ ಕೊಡ್ಲಿ? ಪುಕ್ಕಟೆ ಕೊಟ್ರೂ ಓದೂದಿಲ್ಲ, ಕೊಂಡಕೋತಾರೇನು? ಯಾವನೋ ಊರ ತುಂಬ ಹಬ್ಬಸ್ಯಾನ. ಕಾರ್ ಬಂದಿತ್ತಂತ, ಟಕ್ ಇನ್ ಮಾಡಿದಾಂವ ಬಂದಿದ್ದನಂತ, ಪೇಪರ್ ಕಟ್ಟ ಒಯ್ದನಂತ. ಅಂವ ನಮ್ಮ ಅಳಿಯ! ಕಣ್ಣಿನ ಪೊರಿ ತಗಸಾಕ ನನ್ನ ವಿಜಾಪುರಕ್ಕ ಕರಕೊಂಡ ಹೋಗಾಕ ಬಂದಿದ್ದ. ಕಟ್ಟ ರದ್ದಿಗಿ ಹಾಕಾಕ ಒಯ್ದಾನ."

ಕಾರು, ಟಕ್ ಇನ್, ಕಟ್ಟು. ಇವನ್ನೆಲ್ಲ ನಾನು ಎಲ್ಲಿಯೋ ನೋಡಿದ್ದೆ ಅನಿಸತೊಡಗಿತು. ಬಸ್ಸು ಹತ್ತಿದಾಗ ಅದೃಷ್ಟಕ್ಕೆ ಅದೇ ಕಂಡಕ್ಟರ. ಕೇಳಿದೆ. ಕಟಿಂಗ್ ಅಂಗಡಿಯಲ್ಲಿ ಕೇಳಿದ್ದಾಗಿ ಹೇಳಿದ. ಬನಹಟ್ಟಿಯಲ್ಲಿ ಇಳಿದು ಹಣಮಂತನನ್ನು ಕೇಳಿದೆ. ಈರಪ್ಪನ ಚಾದಂಗಡಿಯಲ್ಲಿ ಅಂದ. ಈರಪ್ಪನ ಮುಂದೆ ನಿಂತಾಗ ಅವನು ಬಟ್ಟಲು ತೊಳೆಯುತ್ತ ತಲೆಯೆತ್ತಿ, "ನೀವ ಹೇಳಿದ್ರೆಲ್ರಿ ಅಣ್ಣಾರ! ಜಮಖಂಡಿಗಿ ಮಗ್ಗದ ಸಾಮಾನ ತರಾಕ ಹೋಗಿ ಬಂದ ದಿನ. ಇದ ಬಾಕಿನ ಮ್ಯಾಲ ಕುಂತು, ಮಾಸ್ತರ್ರ ಮನಿ ಮುಂದ ಕಾರ್ ನಿಂತಿತ್ತು, ಪೇಪರ್ ಮಾರಿರಬೇಕ ನೋಡ ಅಂದ್ರಿ. ಅದನ್ನ ನಾ ನಿಮಗ ತಿರುಗಿ ಹೇಳೇನಿ" ಎಂದ.

ನಾನು ಅದೇ ಬೆಂಚಿನ ಮೇಲೆ ಕುಳಿತುಬಿಟ್ಟೆ. ಮೂರು ಬಾಯಿ ಅಲ್ಲ. ಒಂದೇ ಬಾಯಿ ಮೂರು ಸಲ ಮಾತಾಡಿತ್ತು, ಮತ್ತು ಆ ಬಾಯಿ ನನ್ನದು. ಸಿಮೆಂಟಿಲ್ಲದೆ, ಚಾನೆಲ್ಲಿಲ್ಲದೆ, ಒಂದು ಚಹಾದ ಮೇಲೆ ನಾನೂ ಒಂದು ಕೆಂಪು ಕಂಪನಿ ನಡೆಸಿದ್ದೆ. ಮೂವತ್ತು ವರ್ಷ ಪ್ರತಿಯೊಂದು ಸುದ್ದಿಗೂ ಯಾರ ಮಗ್ಗದ್ದು ಎಂದು ಕೇಳಿದವಳು, ಆ ಸಂಜೆ ಒಂದೇ ಸಲ ಕೇಳಲಿಲ್ಲ. ತಂದವನು ನಾನು ಎಂದು ಕೇಳಲಿಲ್ಲವೋ, ಆಯಾಸವಾಗಿತ್ತೋ, ನನಗೆ ಗೊತ್ತಿಲ್ಲ. ಕೇಳಿದ್ದರೆ ನಾನು ಸಿಕ್ಕಿಬೀಳುತ್ತಿದ್ದೆ. ಬೀಸಣಿಕೆಯ ಕಥೆಯನ್ನು ಎತ್ತಿ ಆಡುತ್ತಿದ್ದಳು. ನಾವು ಇಬ್ಬರೂ ನಗುತ್ತಿದ್ದೆವು.

ಮರುದಿನ ಮತ್ತೆ ಜಮಖಂಡಿಗೆ ಹೋಗಿ ಮಾಸ್ತರರ ಮುಂದೆ ತಪ್ಪು ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಮಾಸ್ತರಿಕೆಯ ಅಭ್ಯಾಸ, ತಿದ್ದುಪಡಿ ಬರೆಸಿದರು. ಆ ವಾರದ ಪೇಪರಿನ ಎರಡನೆಯ ಪುಟದಲ್ಲಿ ನೀಲವ್ವನ ಫೋಟೋ ಬಂತು. ಅದರ ಕೆಳಗೇ, ಪತ್ರಿಕೆ ಮಾರಾಟವಾಗಿದೆ ಎಂಬ ಸುದ್ದಿ ಸುಳ್ಳು, ಅದನ್ನು ಹಬ್ಬಿಸಿದವನು ಬನಹಟ್ಟಿಯ ನೇಕಾರ ಸಂಗಪ್ಪ, ಅವನು ವಿಷಾದಿಸುತ್ತಾನೆ ಎಂದು ಬಂತು. ಮದುವೆಯ ಪತ್ರಿಕೆಯ ನಂತರ ನಮ್ಮಿಬ್ಬರ ಹೆಸರು ಒಟ್ಟಿಗೆ ಅಚ್ಚಾಗಿದ್ದು ಅದೇ ಮೊದಲು. ಕಾಶವ್ವ ಓದಿಸಿಕೊಂಡು, "ನಮ್ಮ ನೀಲವ್ವ ಇದ್ದಿದ್ರ ಇದನ್ನ ಕಟ್ಟ ಹಾಕಿಸಿ ಗ್ವಾಡಿಗಿ ಹಾಕ್ತಿದ್ಲು" ಎಂದು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನಾನು ಮಾತ್ರ ಪೇಪರನ್ನು ಕೊನೆಯಿಂದ ಓದಿದೆ. ತಳದ ಸಾಲಿನಲ್ಲಿ ಮಾಲೀಕರು, ಮುದ್ರಕರು, ಪ್ರಕಾಶಕರು, ಮೂರೂ ಮಾಸ್ತರರೇ. ಹಾಗಾದರೆ ಎಳೆಯನ್ನು ಮತ್ತೆ ಕಟ್ಟಬೇಕು. ಕಂಡಿಕೆಯ ಬುಟ್ಟಿ, ಹೊಲಿಗೆ ಡಬ್ಬಿ, ಅಕ್ಕಿಯ ಡಬ್ಬಿ, ಅವಳ ಸೀರೆಗಳ ಮಡಿಕೆ, ಎಲ್ಲ ಹುಡುಕಿದೆ. ತೇರದಾಳದಿಂದ ಮಗಳು ಬಂದು ಅವಳೂ ಹುಡುಕಿದಳು. "ಯಾವದರ ಹಸರ ಕಟ್ಟಬಿಡ ಅಪ್ಪಾ, ಯಾರ ನೋಡ್ತಾರ?" ಎಂದಳು. ರಬಕವಿಯ ಬಣ್ಣದವರ ಹತ್ತಿರ ಹೋಗಿ ಹತ್ತು ಥರದ ಹಸಿರು ತಂದೆ. ಒಂದೂ ಆ ಹಸಿರಲ್ಲ. ಗಂಟು ಹಾಕಲು ಹೋದರೆ ನನ್ನ ಕೈ ಕೂಡ ಅವಳ ಹಾಗೆ ಗಂಟು ಹಾಕುವುದಿಲ್ಲ.

ಈಗ ಹೊರಗಿನಿಂದ ಬರುವಾಗ ನಾನು ಕಾಯಿಪಲ್ಲೆ ತರುತ್ತೇನೆ. ಹಲಗೆ ಅಲ್ಲೇ ಗೋಡೆಯ ಮೇಲಿದೆ. ಕೆಳಗಿನ ಸಾಲಿನ ಮೂಲೆಯ ಮೊಳೆ ಖಾಲಿ ಇದೆ. ಎಲ್ಲಿಯೋ ಇಟ್ಟಿದ್ದಾಳೆ. ಆ ಹಸಿರು ಎಳೆ ಇನ್ನೂ ಸಿಕ್ಕಿಲ್ಲ.