ಏಳು ಗಂಟೆಗೆ ಕಡಿಯುತ್ತಿದ್ದ ಲೈನು

ಈ ಮಾತನ್ನು ನನಗೆ ಮೊದಲು ಹೇಳಿದವರು ನಾನು ಕೆಲಸಕ್ಕಿದ್ದ ಕಂಪ್ಯೂಟರ್ ಅಂಗಡಿಯ ಮಾಲಕರು. ವಿಜಾಪುರದ ಕಡೆಯವರು, ಪುಣೆಯ ಪೇಠೆಯೊಂದರಲ್ಲಿ ಒಂದೇ ಬಾಗಿಲಿನ ಅಂಗಡಿ. ಬಿ.ಎಸ್ಸಿ. ಮುಗಿಸಿ ಸೇರಿದ ದಿನವೇ ಹೇಳಿದ್ದರು: "ನೋಡವಾ, ಮಷೀನು ಬಿಚ್ಚೂಕಿಂತ ಮೊದ್ಲ ಮನಿಯವ್ರನ್ನ ಕೇಳು, ಅದು ಕೆಡೂ ಹೊತ್ತಿಗೆ ಮನ್ಯಾಗ ಏನ್ ನಡದಿರ್ತದ ಅಂತ. ಸ್ಕ್ರೂಡ್ರೈವರ್ ಆಮ್ಯಾಲೆ." ಇಷ್ಟು ಸರಳ ಮಾತು. ಆದರೂ ಅದನ್ನು ಮರೆತು ನಾನು ಪೆಚ್ಚಾಗುವುದು ಇವತ್ತಿಗೂ ನಿಂತಿಲ್ಲ. ಹೆಚ್ಚಿನ ಸಲ ಹೋದದ್ದು ಬರೀ ಮರ್ಯಾದೆ. ಒಂದು ಸಲ ಮಾತ್ರ ಕೈಗೆ ಬಂದಿದ್ದ ನನ್ನ ಮದುವೆಯೇ ಹೋಯಿತು. ಅದನ್ನು ಕೊನೆಗೆ ಹೇಳುತ್ತೇನೆ. ಸ್ವಲ್ಪ ಧೈರ್ಯ ಬರಲಿ.

ಗಟ್ಟಿ ಡಬ್ಬಿ

ಹಡಪಸರದಿಂದ ಗಂಡ ಹೆಂಡತಿ ಕಂಪ್ಯೂಟರ್ ಕೊಳ್ಳಲು ಬಂದಿದ್ದರು. ನಾನು ಒಂದು ತಾಸು ಪ್ರೊಸೆಸರು, ಮೆಮೊರಿ ಎಂದು ವಿವರಿಸಿದೆ. ಗಂಡ ತಲೆ ಆಡಿಸಿದರು. ಹೆಂಡತಿ ಮಾತ್ರ ಸಾಲಾಗಿಟ್ಟ ಕ್ಯಾಬಿನೆಟ್ಟುಗಳನ್ನು ಕೊಡಪಾನ ಬಡಿದು ನೋಡಿದಂತೆ ಬೆರಳಿನಿಂದ ಬಡಿಯುತ್ತ ಹೋಗಿ, ಎಲ್ಲಕ್ಕಿಂತ ಎತ್ತರದ್ದರ ಮುಂದೆ ನಿಂತರು. "ಇದು ಗಟ್ಟಿ ಅದ. ಒಳಗ ಒಂದೀಟು ಕಮ್ಮಿ ಹಾಕ್ರಿ ಬೇಕಾದ್ರ. ಒಳಗಿಂದು ಯಾರ್ ನೋಡ್ತಾರ?"

ತಿಂಗಳಲ್ಲಿ ದೂರು ಬಂತು: ಮಷೀನು ಕಾದು ನಿಂತುಬಿಡುತ್ತದೆ. ಅವರು ಅದನ್ನು ರಿಕ್ಷಾದಲ್ಲಿ ಹೊತ್ತು ತಂದರು. ನಾನು ಫ್ಯಾನು ಬದಲಿಸಿದೆ. ಮತ್ತೆ ತಂದರು, ದೊಡ್ಡ ಫ್ಯಾನು ಹಾಕಿದೆ. ಮೂರನೆಯ ಸಲ ಮನೆಗೇ ಹೋದೆ. ಮಷೀನು ನಡೆಯುತ್ತಿತ್ತು. ಅದರ ಮೈತುಂಬ ಜರಿ ಅಂಚಿನ ಮಖಮಲ್ಲು ಹೊದಿಕೆ, ಕೆಳಗೆ ಗುಂಡಿ ಹಾಕಿ ಭದ್ರ ಮಾಡಿದ್ದು.

"ಇದನ್ನ ತಗೀಬೇಕ್ರಿ," ಎಂದೆ.

ಹೆಂಡತಿ ಗಾಬರಿಯಾದರು. "ಇಂಥಾ ಥಂಡಿಯಾಗ?"

ತಿಜೋರಿಯ ನೆಟ್ಟು

ಮನೆಗಳಿಗೆ ವೈಫೈ ಬಂದ ಹೊಸತು. ಒಬ್ಬ ಅಜ್ಜಿಯ ಮನೆಯಲ್ಲಿ ಸಂಜೆ ಮಗ ಬಂದ ಮೇಲೆ ನೆಟ್ಟು ಚೆನ್ನಾಗಿ ಬರುತ್ತದೆ, ಹಗಲು ಸೊಸೆಗೆ ಬರುವುದಿಲ್ಲ. ನಾನು ಸಂಜೆಗಳಲ್ಲೇ ಹೋಗಿ, ಯಾರನ್ನೂ ಏನೂ ಕೇಳದೆ, ಎರಡು ರೂಟರ್ ಬದಲಿಸಿದೆ. ಎರಡೂ ಕೆಟ್ಟಿವೆ ಎಂದು ಷರಾ ಬರೆದೆ.

ಮೂರನೆಯದಕ್ಕೆ ಹಗಲು ಹೋದೆ. ನೋಡಿದರೆ ರೂಟರೇ ಇಲ್ಲ. ಅಜ್ಜಿ ಸೊಂಟದ ಕೀಲಿ ತೆಗೆದು ತಿಜೋರಿಯ ಬಾಗಿಲು ತೆರೆದರು. ಬೆಳ್ಳಿಯ ಸಮೆ ದೀಪ, ಇಳಕಲ್ ಸೀರೆಗಳ ನಡುವೆ ರೂಟರ್ ಕಣ್ಣು ಮಿಟುಕಿಸುತ್ತ ಕೂತಿತ್ತು. ವೈರು ಒಳಹೋಗಲೆಂದು ಹಿಂದೆ ತೂತು ಕೊರೆಸಿದ್ದರು.

"ಅಜ್ಜೀ, ಉಕ್ಕಿನ ಪೆಟಿಗ್ಯಾಗಿಟ್ರ ನೆಟ್ ಹ್ಯಾಂಗ ಬರ್ಬೇಕ್ರಿ?"

"ಮಗ ಹೊರಗ ಹ್ವಾದಾಗ ತುಟ್ಟಿ ಸಾಮಾನ ಬಯಲಿಗಿಡ್ತಾರೇನ? ಮತ್ತ ದೀಪ ಉರ್ಯಾಕ ಹತ್ಯಾವಲ್ಲ! ಇನ್ನೇನ್ ಬೇಕವ್ವ ನಿನಗ?"

ಆ ಎರಡು ಒಳ್ಳೆಯ ರೂಟರುಗಳಿಗೆ ನಾನು ತಂದ ಕೆಟ್ಟ ಹೆಸರು ಇನ್ನೂ ಮನಸ್ಸಿಗೆ ಚುಚ್ಚುತ್ತದೆ.

ಬಾರಾಮತಿಯ ಸಂಬಂಧ

ಇದು ಅವೆರಡಕ್ಕಿಂತ ಹಿಂದಿನದು. ನೆಟ್ಟು ಆಗ ಮೋಡೆಮ್ ಎಂಬ ಡಬ್ಬಿ ಹಚ್ಚಿದರೆ ಫೋನಿನ ತಂತಿಯಲ್ಲೇ ಬರುತ್ತಿತ್ತು. ಬಾರಾಮತಿಯ ಡೇರಿಯಲ್ಲಿದ್ದ ಹುಡುಗನೊಬ್ಬ ಕನ್ಯಾ ನೋಡಲು ನಮ್ಮ ಮನೆಗೆ ಬಂದಿದ್ದ. ಅವಲಕ್ಕಿ ತಿನ್ನುತ್ತ, "ಮೋಡೆಮ್ ಅಂದ್ರ ಏನ್ರಿ?" ಎಂದು ಕೇಳಿದ. ಕೇಳಿ ಸುಮ್ಮನಾಗದೆ ನನ್ನ ಉತ್ತರವನ್ನು ಪೂರ್ತಿ ಕೇಳಿಸಿಕೊಂಡ. ಅದುವರೆಗೆ ಯಾರೂ ಹಾಗೆ ಮಾಡಿರಲಿಲ್ಲ. ಮನಸ್ಸಿನಲ್ಲೇ ಹೂಂ ಎಂದುಬಿಟ್ಟೆ. "ನಾಕ್ ದಿನದಾಗ ಫೋನ್ ಮಾಡ್ತೀವ್ರಿ," ಎಂದು ಅವರಪ್ಪ ಹೇಳಿಹೋದರು. ಹೆಣ್ಣಿನ ಕಡೆಯವರು ತಾವಾಗಿ ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಅವ್ವ ದಿನಾ ಫೋನಿನ ಧೂಳು ಒರೆಸುತ್ತ ಕಾದಳು.

ಅದೇ ವಾರ ನಾನು ಅಂಗಡಿಯ ಹಳೇ ಮೋಡೆಮ್ ಮನೆಗೆ ತಂದಿದ್ದೆ. ಅದನ್ನು ಚುರುಕು ಮಾಡುವ ಒಂದು ತಂತ್ರಾಂಶವನ್ನು ಅದರಿಂದಲೇ ಇಳಿಸಿಕೊಳ್ಳುತ್ತಿದ್ದೆ. ದಿನಾ ಸಂಜೆ ಏಳಕ್ಕೆ ಸರಿಯಾಗಿ ಲೈನು ಕಡಿಯುತ್ತಿತ್ತು. ವೈರು ಬದಲಿಸಿದೆ. ಕಡಿದ ತಕ್ಷಣ ಮೋಡೆಮ್ ತಾನೇ ಲೈನು ಎತ್ತಿ ಕೀಂಯ್ ಎಂದು ಮತ್ತೆ ಡಯಲ್ ಮಾಡುವಂತೆ ಮೊದಲೇ ಇಟ್ಟಿದ್ದೆ. ಮೂರು ದಿನವಾದ ಮೇಲೆ, ನಡುವೆ ಇನ್ನೊಂದು ಕರೆ ಬಂದರೆ ಹೀಗಾಗುತ್ತದೆ ಎಂದು ಓದಿ, ಕಾಲ್ ವೇಟಿಂಗನ್ನೇ ಬಂದ್ ಮಾಡಿಸಿದೆ. ದಿನಾ ಏಳಕ್ಕೆ ಬರುವ ಆ ಕರೆ ಯಾರದು ಎಂದು ಯಾರನ್ನೂ ಕೇಳಲಿಲ್ಲ. ನನ್ನನ್ನೂ ಕೇಳಿಕೊಳ್ಳಲಿಲ್ಲ.

"ರಿಪೇರಿ ಆತವ್ವ!" ಎಂದು ಕುಣಿದೆ.

"ಹೌದೇನ? ಬಾರಾಮತಿಯವ್ರ ಫೋನ್ ಮಾತ್ರ ಬರವಲ್ದಲ್ಲ," ಎಂದಳು ಅವ್ವ.

ಫೋನು ಬರಲೇ ಇಲ್ಲ. ಎರಡು ವರ್ಷದ ಮೇಲೆ ಒಂದು ಮದುವೆಯ ಊಟದಲ್ಲಿ, ಆ ಸಂಬಂಧ ತಂದಿದ್ದ ನನ್ನ ಸೋದರತ್ತೆ ಬಾಯಿಬಿಟ್ಟರು.

"ಹುಡುಗನ ಅಪ್ಪ ದಿನಾ ಏಳಕ್ಕ ಫೋನ್ ಹಚ್ಚಿದ್ರವಾ. ಮೂರ್ ದಿನ ನಿಮ್ಮನ್ಯಾಗ ಯಾರೋ ಫೋನ್ ಎತ್ತಿ ಕಿವ್ಯಾಗ ಕೀಂಯ್ ಅಂತ ಚೀರಿದ್ರಂತ. ಆಮ್ಯಾಲೆ ಹತ್ ದಿನ ಬರೇ ಎಂಗೇಜು. 'ಹುಡುಗ ಮನಸಿಗೆ ಬಂದಿಲ್ಲಂದ್ರ ಬಾಯಿಲೆ ಹೇಳ್ರಿ, ಹಿಂಗ ಚೀರೂದ್ಯಾಕ?' ಅಂದ್ರು ಪಾಪ."

ನಾನು ಬೆನ್ನು ಹತ್ತಿ ಹಿಡಿದು, ಮತ್ತೆ ಬರದಂತೆ ಮಾಡಿದ ದೋಷ ಯಾವುದೆಂದರೆ ಆ ಬಾರಾಮತಿಯ ಹುಡುಗನೇ.

ಮರುದಿನ ಮಾಲಕರಿಗೆ ಎಲ್ಲ ಹೇಳಿದೆ. ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: "ಡೌನ್‌ಲೋಡ್ ಆದ್ರೂ ಪೂರ್ತಿ ಆತೇನವಾ?"

"ಆತ್ರಿ. ಓಪನ್ ಆಗ್ಲಿಲ್ಲ."

ನೀವೂ ಇದನ್ನು ನಾಲ್ಕು ಜನರಿಗೆ ಹೇಳಿ: ಮೊದಲು ಮನೆಯವರನ್ನು ಕೇಳಬೇಕು, ಸ್ಕ್ರೂಡ್ರೈವರ್ ಆಮೇಲೆ. ಕಂಪ್ಯೂಟರ್ ಕಲಿತ, ಮದುವೆಗೆ ಬಂದ ಹುಡುಗಿ ಯಾರ ಮನೆಯಲ್ಲಾದರೂ ಇದ್ದರೆ ಅಲ್ಲಿಗೆ ಹೋಗಿಯೇ ಹೇಳಿ. ಫೋನ್ ಮಾಡಬೇಡಿ.